ಮೈಸೂರು ಜಿಲ್ಲೆ: ನದಿ, ಕಾಡು, ಗುಡ್ಡಗಳ ನಡುವಿನ ಜೈನ ನೆಲೆಗಳು

ಮೈಸೂರು ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅರಮನೆ, ದಸರಾ, ಚಾಮುಂಡಿಬೆಟ್ಟ ಮತ್ತು ಮೃಗಾಲಯ. ಶ್ರವಣಬೆಳಗೊಳದ ಯಾತ್ರೆ ಮುಗಿಸಿ ಈ ಕಡೆ ಬರುವ ಜೈನ ಕುಟುಂಬಗಳೂ ಸಾಮಾನ್ಯವಾಗಿ ಇವಿಷ್ಟನ್ನೇ ನೋಡಿ ಊರಿಗೆ ಮರಳುತ್ತವೆ. ಆದರೆ ಜೈನಧರ್ಮಕ್ಕೆ ಆಶ್ರಯ ನೀಡಿದ ಗಂಗರ ರಾಜಧಾನಿ ತಲಕಾಡು, ಕಾರ್ಕಳದವರೆಗೆ ಹೆಸರಾದ ಮುನಿಪರಂಪರೆಯ ಮೂಲಸ್ಥಾನ ಹನಸೋಗೆ, ಬಾಹುಬಲಿ ಸ್ವಾಮಿ ನಿಂತಿರುವ ಗೊಮ್ಮಟಗಿರಿ, ಈ ಮೂರೂ ಇದೇ ಜಿಲ್ಲೆಯಲ್ಲಿವೆ. ಜಿಲ್ಲೆಯ ಭೂಗೋಳ, ಇತಿಹಾಸ, ಪ್ರಕೃತಿ ತಾಣಗಳ ಜೊತೆಗೆ ಈ ನೆಲೆಗಳನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಜಿಲ್ಲೆಯ ನೆಲೆ ಮತ್ತು ಗಡಿ

ಮೈಸೂರು ಜಿಲ್ಲೆ ಕರ್ನಾಟಕದ ದಕ್ಷಿಣ ಭಾಗದಲ್ಲಿದೆ. ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳು ಮತ್ತು ಕೇರಳದ ವಯನಾಡು ಇದರ ನೆರೆಯಲ್ಲಿವೆ. ಇಂದಿನ ಜಿಲ್ಲೆ ಹಳೆಯ ಜಿಲ್ಲೆಯ ಒಂದು ಭಾಗ ಮಾತ್ರ. 1939ರಲ್ಲಿ ಮಂಡ್ಯ ಬೇರೆಯಾಯಿತು, 1997ರಲ್ಲಿ ಚಾಮರಾಜನಗರ ಬೇರೆಯಾಯಿತು. ಹಳೆಯ ಶಾಸನ ಸಂಪುಟಗಳನ್ನು ಓದುವವರು ಇದನ್ನು ನೆನಪಿಡಬೇಕು. ಬಿ.ಎಲ್. ರೈಸ್ ಅವರು 1894 ಮತ್ತು 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೈಸೂರು ಸಂಪುಟಗಳಲ್ಲಿ ಈಗಿನ ಮೂರು ಜಿಲ್ಲೆಗಳ ಶಾಸನಗಳೂ ಸೇರಿವೆ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 30 ಲಕ್ಷ. ಮೈಸೂರು, ನಂಜನಗೂಡು, ತಿ. ನರಸೀಪುರ, ಹುಣಸೂರು, ಕೃಷ್ಣರಾಜನಗರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಹಳೆಯ ತಾಲ್ಲೂಕುಗಳು. ಸರಗೂರು ಮತ್ತು ಸಾಲಿಗ್ರಾಮ ಈಚೆಗೆ ಸೇರಿದವು.

ಜಿಲ್ಲಾಡಳಿತದ ಹೊಸ ಕಚೇರಿ ಸಂಕೀರ್ಣ ಮೈಸೂರು ನಗರದ ಪೂರ್ವಭಾಗದ ಸಿದ್ಧಾರ್ಥನಗರದಲ್ಲಿದೆ. ತಿ. ನರಸೀಪುರ ರಸ್ತೆಗೆ ಹೊಂದಿಕೊಂಡ ಈ ಬಡಾವಣೆಯ ಹೆಸರು ಕೇಳಿದರೆ ಜೈನರಿಗೆ ಭಗವಾನ್ ಮಹಾವೀರರ ತಂದೆ ಸಿದ್ಧಾರ್ಥ ಮಹಾರಾಜರ ನೆನಪಾಗುವುದು ಸಹಜ. ಜಿಲ್ಲೆಯನ್ನು ಅರಿಯಲು ಹೊರಟ ಕುಟುಂಬ ಇಲ್ಲಿಂದಲೇ ಆರಂಭಿಸಬಹುದು. ಕಾರಂಜಿ ಕೆರೆಯ ದಂಡೆಯಲ್ಲಿರುವ ಪ್ರಾದೇಶಿಕ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯ ಇಲ್ಲಿದೆ. 1995ರಲ್ಲಿ ಆರಂಭವಾದ ಇದು ದಕ್ಷಿಣ ಭಾರತದ ಸಸ್ಯ, ಪ್ರಾಣಿ, ಭೂರಚನೆಗಳನ್ನು ಮಕ್ಕಳಿಗೂ ತಿಳಿಯುವಂತೆ ತೋರಿಸುತ್ತದೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಭೇದಗಳನ್ನು ಪಾಠಶಾಲೆಯಲ್ಲಿ ಕಲಿತ ಮಕ್ಕಳಿಗೆ ಈ ಸಂಗ್ರಹಾಲಯ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ. ಪಕ್ಕದ ಕೆರೆಯಲ್ಲಿ ಪಕ್ಷಿಗಳನ್ನೂ ನೋಡಬಹುದು.

ನದಿ, ಕಲ್ಲು, ಕಾಡು

ಜಿಲ್ಲೆಯ ಜೀವನಾಡಿ ಕಾವೇರಿ. ಕೊಡಗಿನಿಂದ ಇಳಿದು ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಕಡೆಯಿಂದ ಹರಿದು ಕೃಷ್ಣರಾಜಸಾಗರ ಸೇರುತ್ತದೆ. ಹೇಮಾವತಿ ಮತ್ತು ಲಕ್ಷ್ಮಣತೀರ್ಥ ಆ ಜಲಾಶಯದಲ್ಲೇ ಅದನ್ನು ಕೂಡುತ್ತವೆ. ವಯನಾಡಿನಲ್ಲಿ ಹುಟ್ಟುವ ಕಬಿನಿ ಅಥವಾ ಕಪಿಲೆ ಹೆಗ್ಗಡದೇವನಕೋಟೆ, ನಂಜನಗೂಡುಗಳನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಹಳೆಯ ಬಸದಿಗಳ ಪಟ್ಟಿಯನ್ನು ಈ ನದಿಗಳ ನಕ್ಷೆಯ ಮೇಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹನಸೋಗೆ, ತಲಕಾಡು ಎರಡೂ ನದಿದಂಡೆಯ ಊರುಗಳು. ನೀರಾವರಿ ಭೂಮಿ ಇದ್ದಲ್ಲಿ ದತ್ತಿ ಬಿಡಲು ಗದ್ದೆ ಇತ್ತು, ದತ್ತಿ ಇದ್ದಲ್ಲಿ ಬಸದಿಯ ಪೂಜೆ, ಮುನಿಗಳ ಆಹಾರದಾನ, ಶಾಸ್ತ್ರದಾನ ನಡೆದವು.

ನೆಲ ಬಹುಮಟ್ಟಿಗೆ ಎತ್ತರದ ಬಯಲು. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಚಾಮುಂಡಿಬೆಟ್ಟದ ತುದಿ 1,000 ಮೀಟರ್ ದಾಟುತ್ತದೆ. ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಸುತ್ತಲಿನ ಪುರಾತನ ಶಿಲಾಸ್ತರದೆದುರು ಇದು ಎಳೆಯ ಕಲ್ಲು. ಬಯಲಿನ ನಡುವೆ ಅಲ್ಲಲ್ಲಿ ತಲೆಯೆತ್ತಿದ ಇಂತಹ ಬೋಳುಗುಡ್ಡಗಳನ್ನೇ ನಮ್ಮ ಮುನಿಗಳು ತಪಸ್ಸಿಗೂ ಸಲ್ಲೇಖನಕ್ಕೂ ಆರಿಸಿಕೊಂಡರು. ನೀರು, ಊರು ದೂರವಿಲ್ಲ, ಆದರೂ ಏಕಾಂತವಿದೆ.

ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು, ಕಾಡು ದಟ್ಟ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾಯಿತು. 643 ಚದರ ಕಿಲೋಮೀಟರಿನ ಈ ಉದ್ಯಾನ ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆಗಳ ಹಿಂಡು ಬಂದು ಸೇರುವುದು ದೊಡ್ಡ ನೋಟ. ಸಾಲಿಗ್ರಾಮ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿ ಜಲಪಾತವಾಗಿ ಧುಮುಕುತ್ತದೆ. ಮಳೆಗಾಲದ ನಂತರದ ತಿಂಗಳುಗಳು ಇದಕ್ಕೆ ಸೂಕ್ತ ಕಾಲ.

ತಲಕಾಡು: ಮರಳಿನ ಕೆಳಗಿನ ರಾಜಧಾನಿ

ಮೈಸೂರಿನಿಂದ ಸುಮಾರು 45-50 ಕಿ.ಮೀ. ದೂರದಲ್ಲಿ ಕಾವೇರಿಯ ತಿರುವಿನಲ್ಲಿರುವ ತಲಕಾಡು ಪಶ್ಚಿಮ ಗಂಗರ ರಾಜಧಾನಿ. ಗಂಗರು ಮೊದಲು ಕೋಲಾರದಿಂದ ಆಳಿ, ಅನಂತರ ಇಲ್ಲಿಗೆ ಬಂದರು. ಸಿಂಹನಂದಿ ಆಚಾರ್ಯರ ನೆರವಿನಿಂದ ಈ ರಾಜ್ಯ ಸ್ಥಾಪನೆಯಾಯಿತೆಂದು ನಂತರದ ಶಾಸನಗಳು ಹೇಳುತ್ತವೆ. ಗಂಗರ ಮಾರಸಿಂಹ ರಾಜ್ಯ ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಅವನ ಮತ್ತು ರಾಚಮಲ್ಲನ ಮಂತ್ರಿಯೂ ದಂಡನಾಯಕನೂ ಆಗಿದ್ದವನು ಚಾವುಂಡರಾಯ. ವಿಂಧ್ಯಗಿರಿಯ ಗೊಮ್ಮಟೇಶ್ವರನನ್ನು ಮಾಡಿಸಿದ ಆ ಮಹಾಪುರುಷನು ಸೇವೆ ಸಲ್ಲಿಸಿದ್ದು ತಲಕಾಡಿನ ಅರಸರಿಗೆ ಎಂಬುದನ್ನು ಇಲ್ಲಿ ನಿಂತಾಗ ನೆನೆಯಬೇಕು.

11ನೇ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ವಶಪಡಿಸಿಕೊಂಡರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನಿಗೆ ಅದನ್ನು ಗೆದ್ದುಕೊಟ್ಟವನು ಜಿನಭಕ್ತನಾದ ದಂಡನಾಯಕ ಗಂಗರಾಜ. ಮುಂದೆ ಊರನ್ನು ಮರಳು ಮುಚ್ಚುತ್ತಾ ಬಂತು. ಜನ ಅದಕ್ಕೆ ಅಲಮೇಲಮ್ಮನ ಶಾಪದ ಕಥೆ ಹೇಳುತ್ತಾರೆ. ನದಿಗೆ ಕಟ್ಟೆ ಕಟ್ಟಿದ ಮೇಲೆ ನೀರು ತಗ್ಗಿ, ಬಯಲಾದ ಮರಳನ್ನು ಗಾಳಿ ಊರಿನತ್ತ ಹೊತ್ತು ತಂದಿತೆಂಬುದು ತಜ್ಞರ ವಿವರಣೆ. ಕಾರಣ ಯಾವುದಾದರೂ, ಹೂತುಹೋದದ್ದು ಶಿವಾಲಯಗಳು ಮಾತ್ರವಲ್ಲ. ಆರು ಶತಮಾನಗಳ ಗಂಗ ಇತಿಹಾಸ ಆ ದಿಬ್ಬಗಳಡಿ ಇದೆ.

ಹನಸೋಗೆ: ಒಂದು ಮುನಿಪರಂಪರೆಯ ಊರು

ಹಿಂದಿನ ಯಡತೊರೆ, ಅಂದರೆ ಕೃಷ್ಣರಾಜನಗರ ತಾಲ್ಲೂಕಿನ ಚಿಕ್ಕಹನಸೋಗೆ ಇಂದು ಸಣ್ಣ ಹಳ್ಳಿ. ಚುಂಚನಕಟ್ಟೆಗೆ ಹೋಗುವವರು ಇಲ್ಲಿಗೂ ಹೋಗಿಬರಬಹುದು. ಹಳೆಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ಶಾಸನಗಳ ‘ಪನಸೋಗೆ’ ಇಂದಿನ ಹನಸೋಗೆ. ಇಲ್ಲಿ ಮೂರು ಗರ್ಭಗೃಹಗಳ ತ್ರಿಕೂಟ ಬಸದಿ ಇದ್ದು, ಆದಿನಾಥ ಬಸದಿ ಎಂದು ಹೆಸರಾಗಿದೆ.

ಈ ಭಾಗವನ್ನು ಆಳಿದವರು ಚಂಗಾಳ್ವರು. 11ನೇ ಶತಮಾನದ ಆರಂಭದಲ್ಲಿ ಪನಸೋಗೆಯ ಯುದ್ಧದಲ್ಲಿ ಸೋತು ಚೋಳರ ಅಧೀನರಾದರು. ಅದೇ ಶತಮಾನದಲ್ಲಿ ಇಲ್ಲಿಯ ಬಸದಿಗೆ ಆಶ್ರಯ ನೀಡಿದ ಅರಸನ ಹೆಸರೇ ರಾಜೇಂದ್ರಚೋಳ ನನ್ನಿ ಚಂಗಾಳ್ವ. ಅಧಿರಾಜನ ಹೆಸರನ್ನು ಧರಿಸಿದರೂ ಆತ ಜಿನಾಲಯವನ್ನು ಕಾಪಾಡಿದ. ಇಲ್ಲಿಯ ಬಸದಿಗಳನ್ನು ದಶರಥನ ಮಗ ರಾಮನೇ ಸ್ಥಾಪಿಸಿದನೆಂದು ಹೇಳುವ ಶಾಸನಗಳಿವೆ. ಆ ಕಾಲಕ್ಕಾಗಲೇ ಜನ ಈ ಕ್ಷೇತ್ರವನ್ನು ಎಷ್ಟು ಪ್ರಾಚೀನವೆಂದು ಭಾವಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಮೂಲಸಂಘ, ದೇಶೀಗಣ, ಪುಸ್ತಕಗಚ್ಛಕ್ಕೆ ಸೇರಿದ ಮುನಿಗಳ ಒಂದು ಶಾಖೆಗೆ ‘ಪನಸೋಗೆ ಬಳಿ’ ಎಂದೇ ಹೆಸರು. 1432ರಲ್ಲಿ ಕಾರ್ಕಳದಲ್ಲಿ ವೀರಪಾಂಡ್ಯನು ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದಾಗ ಪ್ರೇರಣೆ ನೀಡಿದ ಲಲಿತಕೀರ್ತಿ ಮುನಿಗಳು ಇದೇ ಪನಸೋಗೆ ಬಳಿಯವರೆಂದು ಅಲ್ಲಿಯ ಶಾಸನ ಹೇಳುತ್ತದೆ. ಘಟ್ಟದ ಕೆಳಗಿನ ಆ ಮಹಾಮೂರ್ತಿಯ ಬೇರು ಹೀಗೆ ಕಾವೇರಿ ದಂಡೆಯ ಈ ಹಳ್ಳಿಯವರೆಗೆ ಹೋಗುತ್ತದೆ. ಕಾರ್ಕಳ, ಮೂಡುಬಿದಿರೆ ಕಡೆಯ ಕುಟುಂಬಗಳು ಮೈಸೂರಿಗೆ ಬಂದಾಗ ಹನಸೋಗೆಯನ್ನು ನೋಡಲು ಇದಕ್ಕಿಂತ ಬೇರೆ ಕಾರಣ ಬೇಡ.

ಮುಂದೆ ಚಂಗಾಳ್ವರು ಶೈವರಾದರು. ಆದರೂ ಅವರ ರಾಜ್ಯದಲ್ಲಿ ಜೈನ ಸಾಹಿತ್ಯ ಬೆಳೆಯಿತು. 16ನೇ ಶತಮಾನದ ಆರಂಭದ ಜೈನಕವಿ ಮೂರನೆಯ ಮಂಗರಸ ಕಲ್ಲಹಳ್ಳಿಯ ಪ್ರಭು, ಚಂಗಾಳ್ವರಿಗೆ ಸಚಿವರಾಗಿದ್ದ ಮನೆತನದವನು. ‘ಸಮ್ಯಕ್ತ್ವ ಕೌಮುದಿ’, ‘ನೇಮಿಜಿನೇಶ ಸಂಗತಿ’, ‘ಜಯನೃಪ ಕಾವ್ಯ’ಗಳ ಜೊತೆಗೆ ‘ಸೂಪಶಾಸ್ತ್ರ’ ಎಂಬ ಅಡುಗೆಯ ಗ್ರಂಥವನ್ನೂ ಆತ ಪದ್ಯದಲ್ಲಿ ಬರೆದಿದ್ದಾನೆ.

ಗೊಮ್ಮಟಗಿರಿ

ಮೈಸೂರು-ಹುಣಸೂರು ರಸ್ತೆಯಲ್ಲಿ ಇಲವಾಲ ದಾಟಿ ಒಳಗೆ ಹೋದರೆ ಗೊಮ್ಮಟಗಿರಿ ಸಿಗುತ್ತದೆ. ನಗರದಿಂದ 20-25 ಕಿ.ಮೀ. ದೂರ. ಶ್ರವಣಗುಡ್ಡ ಎಂಬ ಒಂಟಿ ಬಂಡೆಯ ಮೇಲೆ 18ರಿಂದ 20 ಅಡಿ ಎತ್ತರದ ಬಾಹುಬಲಿ ಸ್ವಾಮಿಯ ಮೂರ್ತಿ ಇದೆ. ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದ ಈ ಕ್ಷೇತ್ರವನ್ನು 20ನೇ ಶತಮಾನದ ನಡುವಿನಲ್ಲಿ ಮೈಸೂರಿನ ಶ್ರಾವಕರು ಮುಂದೆ ನಿಂತು ಜೀರ್ಣೋದ್ಧಾರ ಮಾಡಿದರು. ಈಗ ಪ್ರತಿವರ್ಷ ಮಸ್ತಕಾಭಿಷೇಕ ನಡೆಯುತ್ತದೆ. ಗುಡ್ಡದ ಬಳಿ 24 ತೀರ್ಥಂಕರರ ಪಾದುಕೆಗಳ ಗುಡಿಗಳಿವೆ.

ಈ ಗುಡ್ಡದ ಸುತ್ತಮುತ್ತ ನಡೆಯುವ ಕಲ್ಲು ಗಣಿಗಾರಿಕೆಯ ಬಗ್ಗೆ ಹಲವು ಬಾರಿ ದೂರುಗಳು ಬಂದಿವೆ. ಅಪಾಯ ಹೇಗೆಂಬುದನ್ನು ತಿಳಿಯಬೇಕು. ಇಂತಹ ಬಂಡೆಗಳು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಸಹಜ ಸೀಳುಗಳಿರುತ್ತವೆ. ಸಿಡಿಮದ್ದಿನ ಕಂಪನ ನೆಲದಲ್ಲಿ ಹಾದು ಬಂದು ಆ ಸೀಳುಗಳನ್ನು ಸ್ವಲ್ಪಸ್ವಲ್ಪವಾಗಿ ಅಗಲಿಸುತ್ತದೆ. ಅಲ್ಲಿ ಮಳೆನೀರು ಇಳಿಯುತ್ತದೆ, ಗಿಡದ ಬೇರು ಹೊಗುತ್ತದೆ. ಒಂದು ದಿನದಲ್ಲಿ ಕಾಣದ ಹಾನಿ ಕೆಲವು ದಶಕಗಳಲ್ಲಿ ಕಾಣುತ್ತದೆ. ಮೂರ್ತಿ ಎಷ್ಟು ಮುಖ್ಯವೋ ಅದು ನಿಂತ ಬಂಡೆಯೂ ಅಷ್ಟೇ ಮುಖ್ಯ.

ಮೈಸೂರು ಅರಸರು ಮತ್ತು ಜೈನರು

ಮೈಸೂರು ಒಡೆಯರ ಕಾಲದಲ್ಲೂ ಸಂಬಂಧ ಮುಂದುವರಿಯಿತು. 1634ರಲ್ಲಿ ಚಾಮರಾಜ ಒಡೆಯರು ಶ್ರವಣಬೆಳಗೊಳದ ಅಡವು ಬಿದ್ದಿದ್ದ ದತ್ತಿಭೂಮಿಗಳನ್ನು ಸಾಲಗಾರರಿಂದ ಬಿಡಿಸಿಕೊಟ್ಟರೆಂದು ಅಲ್ಲಿಯ ಶಾಸನ ಹೇಳುತ್ತದೆ. ಚಿಕ್ಕದೇವರಾಜ ಒಡೆಯರ ಪ್ರಧಾನಿ ಯಳಂದೂರಿನ ವಿಶಾಲಾಕ್ಷ ಪಂಡಿತ ಜೈನನಾಗಿದ್ದನು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕನಕಗಿರಿಯ ದೇವಚಂದ್ರನು ‘ರಾಜಾವಳೀ ಕಥೆ’ಯನ್ನು ರಚಿಸಿದನು. ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಮಲೆಯೂರಿನ ಕನಕಗಿರಿ ಮೈಸೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. ಪಾರ್ಶ್ವನಾಥ ಸ್ವಾಮಿಯ ಈ ಕ್ಷೇತ್ರದಲ್ಲಿ ಪೂಜ್ಯಪಾದ ಆಚಾರ್ಯರು ತಪಸ್ಸು ಮಾಡಿದರೆಂಬ ನಂಬಿಕೆ ಇದೆ. ಇಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ಅಧ್ಯಯನ ವಿಭಾಗವಿದೆ.

ನೋಡುವ ಕ್ರಮ

ಎರಡು ದಿನ ಇದ್ದರೆ ಸಾಕು. ಮೊದಲ ದಿನ ಪಶ್ಚಿಮಕ್ಕೆ: ಬೆಳಿಗ್ಗೆ ಗೊಮ್ಮಟಗಿರಿ, ಅಲ್ಲಿಂದ ಕೃಷ್ಣರಾಜನಗರದ ಮೇಲೆ ಹನಸೋಗೆ ಮತ್ತು ಚುಂಚನಕಟ್ಟೆ. ಎರಡನೇ ದಿನ ಪೂರ್ವಕ್ಕೆ: ಸಿದ್ಧಾರ್ಥನಗರದ ಸಂಗ್ರಹಾಲಯ, ತಿ. ನರಸೀಪುರದ ಸಂಗಮ, ತಲಕಾಡು. ಹಳ್ಳಿಗಳಲ್ಲಿ ಜೈನ ಊಟ ಸಿಗುವುದು ಕಷ್ಟ. ಬುತ್ತಿ, ಸೋಸಿದ ನೀರು ಜೊತೆಗಿರಲಿ, ಸೂರ್ಯಾಸ್ತದೊಳಗೆ ಊಟ ಮುಗಿಯುವಂತೆ ಪ್ರಯಾಣ ಯೋಜಿಸಿಕೊಳ್ಳಿ. ಹನಸೋಗೆಯಲ್ಲಿ ಬಸದಿಯ ಬಾಗಿಲು ತೆರೆದಿರುವುದೇ ಎಂದು ಮೊದಲೇ ವಿಚಾರಿಸಿ. ತಲಕಾಡಿನಲ್ಲಿ ನದಿಗೆ ಇಳಿಯುವಾಗ ಮಕ್ಕಳ ಬಗ್ಗೆ ಎಚ್ಚರ ಇರಲಿ, ಸುಳಿಗಳಿವೆ.

ನಮ್ಮ ಕರ್ತವ್ಯ

ಶ್ರಾವಕರ ಮನೆಗಳು ಇಲ್ಲದ ಊರುಗಳಲ್ಲಿ ಬಸದಿ ಉಳಿಯುವುದು ಊರವರ ಒಳ್ಳೆಯತನದಿಂದ ಮತ್ತು ಹೊರಗಿನ ಶ್ರಾವಕರು ಹೋಗಿಬರುವುದರಿಂದ. ಯಾತ್ರಿಕರು ಬರುವ ಜಾಗಕ್ಕೆ ರಸ್ತೆ, ದೀಪ, ಕಾವಲು ತಾನಾಗಿ ಬರುತ್ತವೆ. ಯಾರೂ ಬಾರದ ಜಾಗದಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ.

ಈ ಜಿಲ್ಲೆಯಲ್ಲಿ ಹೊಲ ಉಳುವಾಗ, ಚರಂಡಿ ತೋಡುವಾಗ ಜಿನಬಿಂಬಗಳು ಸಿಗುವುದುಂಟು. ಮೈಸೂರಿನ ಪಕ್ಕದ ವರುಣಾ ಗ್ರಾಮದಲ್ಲಿ ಹಳೆಯ ಜಿನಬಿಂಬಗಳಿವೆ. ಹೀಗೆ ಸಿಕ್ಕಾಗ ಮೂರ್ತಿಯನ್ನು ಬೇರೆ ಕಡೆಗೆ ಸಾಗಿಸುವುದು, ತೊಳೆದು ಬಣ್ಣ ಬಳಿಯುವುದು ಸರಿಯಲ್ಲ. ಸಿಕ್ಕ ಸ್ಥಳದಲ್ಲೇ ಫೋಟೊ ತೆಗೆದು ತಾಲ್ಲೂಕು ಕಚೇರಿಗೆ, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಮೂರ್ತಿ ಸಿಕ್ಕ ಜಾಗವೇ ಅದರ ಅರ್ಧ ಇತಿಹಾಸ. ಬಸದಿಯ ತಳಪಾಯ ಎಲ್ಲಿತ್ತೆಂಬುದು ಅದರಿಂದಲೇ ತಿಳಿಯುತ್ತದೆ. ರಾಜ್ಯ ಪುರಾತತ್ತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಗುಡ್ಡಗಳ ಬಳಿ ಗಣಿಗಾರಿಕೆ ಕಂಡರೂ ದಿನಾಂಕ, ಸ್ಥಳ, ಫೋಟೊ ಸಹಿತ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ಕಡತ ಹುಟ್ಟುವುದಿಲ್ಲ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಮೈಸೂರಿಗೆ ಕರೆತರುವವರು ಅರಮನೆಗೆ ಒಂದು ಹೊತ್ತು ಇಟ್ಟರೆ, ಗೊಮ್ಮಟಗಿರಿ ಮತ್ತು ಹನಸೋಗೆಗೆ ಒಂದು ದಿನ ಇಡಲಿ.

ಜೈ ಜಿನೇಂದ್ರ.