ಪೊಳ್ಳು ಗೋಡೆಯ ಮೇಲೆ 35 ಕಿಲೋ

ಹಾಲೋ ಬ್ಲಾಕ್ ಗೋಡೆಯ ಮೇಲೆ ಕಣ್ಣಂದಾಜಿನಲ್ಲಿ ಡ್ರಿಲ್ ಇಟ್ಟರೆ ಐದರಲ್ಲಿ ನಾಲ್ಕು ತೂತು ಪೊಳ್ಳಿಗೇ ಬೀಳುತ್ತವೆ. ಬ್ಲಾಕಿನ ಅಳತೆಯಲ್ಲೇ ಈ ಲೆಕ್ಕ ಅಡಗಿದೆ. ಭಾರತೀಯ ಮಾನಕ ಐಎಸ್ 2185ರ ಪ್ರಕಾರ ಹಾಲೋ ಬ್ಲಾಕಿನಲ್ಲಿ ಗಟ್ಟಿ ಭಾಗ ಒಟ್ಟು ಗಾತ್ರದ ಶೇ 50ರಿಂದ 75. ಆರಿಂಚಿನ ಬ್ಲಾಕಿಗೆ ಹೊರಮೈ ಕನಿಷ್ಠ 25 ಮಿ.ಮೀ. ದಪ್ಪವಿದ್ದರೆ ಸಾಕು, ಒಳಗಿನ ಅಡ್ಡಗೋಡೆಗಳಿಗೂ ಅಷ್ಟೇ. 390 ಮಿ.ಮೀ. ಉದ್ದದಲ್ಲಿ ಮೂರು ಅಡ್ಡಗೋಡೆ ಸೇರಿ 75 ಮಿ.ಮೀ.; ಉಳಿದ 315 ಖಾಲಿ. ಅಂದರೆ ಉದ್ದದ ಶೇ 81. ಗೀಸರಿನ ಎರಡೂ ಬೋಲ್ಟು ಗಟ್ಟಿ ಜಾಗಕ್ಕೇ ಬೀಳುವ ಅದೃಷ್ಟ ಹೆಚ್ಚುಕಡಿಮೆ 27ಕ್ಕೆ ಒಂದು.

ಈಗ ಭಾರದ ಕಡೆ ನೋಡೋಣ. 25 ಲೀಟರ್ ಗೀಸರಿನಲ್ಲಿ ನೀರೇ 25 ಕಿಲೋ, ಖಾಲಿ ಟ್ಯಾಂಕು ಸುಮಾರು 10 ಕಿಲೋ. ಭಾರದ ಕೇಂದ್ರ ಗೋಡೆಯಿಂದ 180 ಮಿ.ಮೀ. ಈಚೆಗಿದ್ದು, ಮೇಲಿನ ಬೋಲ್ಟಿನಿಂದ ಕೆಳಗೆ ಟ್ಯಾಂಕು ಗೋಡೆಗೆ ಆನುವ ಜಾಗಕ್ಕೆ 300 ಮಿ.ಮೀ. ಇದ್ದರೆ, ಬೋಲ್ಟುಗಳನ್ನು ಹೊರಕ್ಕೆಳೆಯುವ ಬಲ 21 ಕಿಲೋ. ಇನ್ನು 12 ಕಿಲೋ ಟಿ.ವಿ.ಯನ್ನು ಆಚೀಚೆ ತಿರುಗಿಸುವ ತೋಳಿಗೆ ಸಿಕ್ಕಿಸಿ 450 ಮಿ.ಮೀ. ಮುಂದಕ್ಕೆಳೆಯಿರಿ. ಬೋಲ್ಟುಗಳ ನಡುವೆ ಮೇಲೆ-ಕೆಳಗೆ 150 ಮಿ.ಮೀ. ಅಂತರವಿದ್ದರೆ ಮೇಲಿನ ಬೋಲ್ಟಿನ ಮೇಲೆ 36 ಕಿಲೋ ಎಳೆತ. ಎಲ್ಲರೂ ಹೆದರುವುದು ಗೀಸರಿಗೆ. ಗೋಡೆಯನ್ನು ಹೆಚ್ಚು ಜಗ್ಗುವುದು ಟಿ.ವಿ.!

ಇಷ್ಟನ್ನೂ ಹಿಡಿಯಬೇಕಾದ್ದು ಆ 25 ಮಿ.ಮೀ. ಪದರ. 12 ಮಿ.ಮೀ. ಗಾರೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. 50 ಮಿ.ಮೀ. ಪ್ಲಾಸ್ಟಿಕ್ ಪ್ಲಗ್ಗು ಹೊಡೆದರೆ ಅದರ ತುದಿ 13 ಮಿ.ಮೀ. ಪೊಳ್ಳಿನಲ್ಲಿ ಜೋತಿರುತ್ತದೆ, ಹಿಡಿತ ಸಿಗುವುದು ನಡುವಿನ ಅರ್ಧಕ್ಕೆ ಮಾತ್ರ. ಆಂಕರ್ ಫಾಸ್ಟನರ್ ಇನ್ನೂ ಅಪಾಯ: ಅದು ಅರಳಿಕೊಳ್ಳುವುದು ತುದಿಯಲ್ಲಿ, ಅಲ್ಲಿರುವುದು ಬರೀ ಗಾಳಿ. ಡ್ರಿಲ್ಲನ್ನು ಹ್ಯಾಮರಿಗೆ ಹಾಕಿದರೆ ಪದರದ ಒಳಬದಿ ಚಕ್ಕೆ ಎದ್ದು ಇದ್ದ ದಪ್ಪವೂ ಹೋಗುತ್ತದೆ. ಹ್ಯಾಮರ್ ಬಂದ್ ಮಾಡಿಯೇ ಕೊರೆಯಿರಿ. ಮಣ್ಣಿನ ಪೊಳ್ಳು ಬ್ಲಾಕಿಗಂತೂ ಹ್ಯಾಮರ್ ಬೇಡವೇ ಬೇಡ.

ಪದರ ನಿಜಕ್ಕೂ ಎಷ್ಟು ದಪ್ಪ ಎಂದು ತಿಳಿಯಲು ಒಂದು ತುಂಡು ತಂತಿ ಸಾಕು. ತುದಿಯನ್ನು ಸಣ್ಣ ಕೊಕ್ಕೆಯಂತೆ ಬಗ್ಗಿಸಿ ತೂತಿನೊಳಗೆ ಬಿಡಿ, ಮೆಲ್ಲಗೆ ಹಿಂದಕ್ಕೆಳೆಯಿರಿ. ಕೊಕ್ಕೆ ಒಳ ಅಂಚಿಗೆ ಸಿಕ್ಕಿಕೊಂಡಾಗ ಗೋಡೆಯ ಮಟ್ಟಕ್ಕೆ ತಂತಿಯನ್ನು ಉಗುರಿನಿಂದ ಹಿಡಿದು ಹೊರತೆಗೆದು ಅಳೆಯಿರಿ. ಗಾರೆ ಸೇರಿ 37 ಬಂದರೆ ಬ್ಲಾಕು ಸರಿಯಿದೆ. 30 ಬಂದರೆ ಆ ಗೋಡೆಗೆ ಭಾರ ಹೊರಿಸುವ ಯೋಚನೆ ಬಿಡಿ.

ಮುಗಿದ ಮನೆಗೆ ಎರಡು ದಾರಿ. ಒಂದು, ಜಾಲರಿ ತೋಳು ಹಾಕಿ ಕೆಮಿಕಲ್ ಆಂಕರ್ ತುಂಬುವುದು. 16 ಮಿ.ಮೀ. ಅಗಲ, 85 ಮಿ.ಮೀ. ಉದ್ದದ ತೋಳಿಗೆ 17 ಮಿ.ಲೀ. ಅಂಟು ಬೇಕು, ಗೀಸರಿನ ಎರಡು ತೂತಿಗೆ 34. ಜಾಲರಿ ಮರೆತರೆ ಅಂಟು ಪೊಳ್ಳಿನೊಳಕ್ಕೆ ಸೋರಿಹೋಗುತ್ತದೆ. ಒಂದೊಂದು ಪೊಳ್ಳೂ ಸುಮಾರು 3 ಲೀಟರ್, ಅದನ್ನು ತುಂಬಲು 300 ಮಿ.ಲೀ.ಯ ಹತ್ತು ಟ್ಯೂಬ್ ಬೇಕಾದೀತು. ಒಂದೇ ಗೀಸರಿಗೆಂದು ಟ್ಯೂಬ್ ತಂದರೆ ಒಂಬತ್ತರಲ್ಲಿ ಎಂಟು ಪಾಲು ಉಳಿಯುತ್ತದೆ, ಆದ್ದರಿಂದ ಮನೆಯ ಕೆಲಸವನ್ನೆಲ್ಲ ಒಂದೇ ದಿನ ಮುಗಿಸುವುದು ಲಾಭ.

ಇನ್ನೊಂದು, ಆರಪಾರ ಬೋಲ್ಟು. ಬ್ಲಾಕು 150, ಎರಡೂ ಬದಿಯ ಗಾರೆಗೆ ಧಾರಾಳವಾಗಿ 30, ನಟ್ಟು-ವಾಷರಿಗೆ 30 ಸೇರಿ 210 ಮಿ.ಮೀ. ಒಂದು ಮೀಟರ್ ಥ್ರೆಡ್ ರಾಡಿನಲ್ಲಿ ನಾಲ್ಕು ತುಂಡು ಬರುತ್ತವೆ. ನೋಡಲು ಅಂದವಿಲ್ಲ, ಹಿಂಬದಿ ಪಕ್ಕದ ಮನೆಯವರದಾದರೆ ಆಗುವುದೂ ಇಲ್ಲ. ಆದರೆ ಹಿಂದೆ ಅಗಲ ಪಟ್ಟಿ ಕೊಟ್ಟರೆ ಇದರಷ್ಟು ಗಟ್ಟಿ ಬೇರೊಂದಿಲ್ಲ.

ಕಟ್ಟುತ್ತಿರುವವರ ಲೆಕ್ಕವೇ ಬೇರೆ. ಬೋಲ್ಟು ಬರುವ ಎರಡು ಪೊಳ್ಳಿನ ತಳ ಮುಚ್ಚಿ ಕಾಂಕ್ರೀಟ್ ತುಂಬಿದರೆ 6 ಲೀಟರ್. ಅದಕ್ಕೆ ಸಿಮೆಂಟು ಎರಡೂವರೆ ಕಿಲೋ. ಚೀಲಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೂ 20 ರೂಪಾಯಿ. ಗೋಡೆ ಏಳುವ ಮೊದಲೇ ಗೀಸರ್, ಟಿ.ವಿ., ಅಡುಗೆಮನೆಯ ಮೇಲಿನ ಕಪಾಟಿನ ಜಾಗವನ್ನು ಮೇಸ್ತ್ರಿಗೆ ಗುರುತು ಹಾಕಿ ಕೊಡಿ.