ಎರಡು ಬೇಳೆಯ ಬಳಗ

ಅವರೆಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಸುಕಿದರೆ ಸಿಪ್ಪೆ ಕಳಚುತ್ತದೆ. ಇನ್ನಷ್ಟು ಒತ್ತಿದರೆ ಕಾಳು ಎರಡು ಬೇಳೆಯಾಗುತ್ತದೆ. ಪುಣೆಗೆ ಬಂದರೂ ನಮ್ಮ ಮನೆಗಳಲ್ಲಿ ಈ ಕೆಲಸ ನಿಂತಿಲ್ಲ. ಆ ಎರಡು ಬೇಳೆಗಳೇ ಸಸಿಯ ಬೀಜದೆಲೆಗಳು. ನಡುವೆ ಅಡಗಿದ ಪುಟ್ಟ ಮೊಳಕೆಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಇಂಥ ಬೀಜದ ಗಿಡಗಳು ದ್ವಿದಳ; ಭತ್ತ, ಜೋಳ, ತೆಂಗು ಏಕದಳ.

ಈ ಭೇದವನ್ನು ವರ್ಗೀಕರಣಕ್ಕೆ ಬಳಸಿ ೧೬೮೨ರಲ್ಲಿ ಗ್ರಂಥ ಬರೆದವನು ಇಂಗ್ಲೆಂಡಿನ ಜಾನ್ ರೇ. ದ್ವಿದಳಕ್ಕೆ ಎಲೆಯಲ್ಲಿ ಬಲೆಯಂಥ ನರ, ಹೂವಿನಲ್ಲಿ ನಾಲ್ಕು ಇಲ್ಲವೆ ಐದರ ಲೆಕ್ಕ. ಏಕದಳಕ್ಕೆ ಉದ್ದುದ್ದ ನರ, ಮೂರರ ಲೆಕ್ಕ. ನಾವೆಲ್ಲ ಶಾಲೆಯಲ್ಲಿ ಉರುಹೊಡೆದ ಪಾಠವೂ ಇದೇ.

ಕಳೆದ ಬೇಸಗೆಯಲ್ಲಿ ನಮ್ಮ ಮಗಳು ಹಿತ್ತಲಿನ ಸೀತಾಫಲದ ಹೂವನ್ನು ಕಿತ್ತು ತಂದು, ಅದನ್ನು ಏಕದಳದ ಪಟ್ಟಿಗೆ ಸೇರಿಸಿದಳು. ‘ಎಲೆಯ ನರ ನೋಡಬಾರದೆ?’ ಎಂದು ಗದರಿದೆವು. ‘ಎಸಳು ಮೂರೇ ಇವೆಯಲ್ಲ ಅಪ್ಪ, ನೀವೇ ಎಣಿಸಿ’ ಎಂದಳು. ಎಣಿಸಿದೆವು. ದಪ್ಪನೆಯ ಎಸಳು ಮೂರೇ ಇದ್ದವು! ಗದರಿದ್ದಕ್ಕೆ ನಾಚಿಕೆಯಾಗಿ, ಪುಸ್ತಕಗಳನ್ನು ತಿರುವಿಹಾಕಲು ಕುಳಿತೆವು.

ಬೆಂಥಮ್ ಮತ್ತು ಹೂಕರ್ ಎಂಬ ಪಂಡಿತರು ೧೮೬೨ರಿಂದ ೧೮೮೩ರವರೆಗೆ ಹೊರತಂದ ಮಹಾಗ್ರಂಥದಲ್ಲಿ ದ್ವಿದಳಗಳನ್ನು ಮೂರು ಪಾಲು ಮಾಡಿದರು: ಸಾಸಿವೆಯಂತೆ ಎಸಳು ಬಿಡಿಬಿಡಿಯಾಗಿರುವುವು, ದತ್ತೂರಿಯಂತೆ ಎಸಳು ಕೂಡಿಕೊಂಡಿರುವುವು, ದಂಟಿನಂತೆ ಎಸಳಿನ ಸುತ್ತೇ ಇಲ್ಲದವು. ನಮ್ಮ ದೇಶದ ಅನೇಕ ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿದ ಮಾದರಿಗಳನ್ನು ಜೋಡಿಸಿದ್ದು ಈ ಕ್ರಮದಲ್ಲೇ. ಇದರಂತೆ ಸಂಪಿಗೆ, ಸೀತಾಫಲಗಳು ಮೊದಲ ಪಾಲಿಗೆ ಬಂದವು. ಮೆಣಸು, ದಾಲ್ಚಿನ್ನಿಗಳು ಕೊನೆಯ ಪಾಲಿಗೆ ಹೋದವು.

೧೯೯೮ರಲ್ಲಿ ಹಲವು ದೇಶಗಳ ವಿದ್ವಾಂಸರು ಸಸ್ಯಗಳ ಡಿಎನ್‌ಎ ಹೋಲಿಸಿ ಹೊಸ ವಂಶಾವಳಿ ಬರೆದರು. ಬೇರೆ ಬೇರೆ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಕಡತಗಳು ಒಂದೇ ಮನೆತನದವೆಂದು ಗುಮಾಸ್ತನಿಗೆ ತಟ್ಟನೆ ಹೊಳೆದಂತಾಯಿತು. ಸಂಪಿಗೆ, ಸೀತಾಫಲ, ಮೆಣಸು, ದಾಲ್ಚಿನ್ನಿ ನಾಲ್ಕೂ ಹತ್ತಿರದ ನೆಂಟರು! ಬೇಳೆ ಎರಡಾದರೂ ಇವು ಅವರೆ, ಮಾವುಗಳ ದೊಡ್ಡ ಬಳಗಕ್ಕೆ ಸೇರಿದವಲ್ಲ. ಬಹು ಹಿಂದೆಯೇ ಬೇರೆಯಾದ ಕವಲು. ಸೀತಾಫಲ, ದಾಲ್ಚಿನ್ನಿಗಳ ಹೂವಿನಲ್ಲಿ ಮೂರರ ಲೆಕ್ಕ ಕಾಣುವುದು ಅದಕ್ಕೇ ಸೋಜಿಗವಲ್ಲ. ಆ ದೊಡ್ಡ ಬಳಗಕ್ಕೆ ಈಗ ‘ನಿಜ ದ್ವಿದಳ’ವೆಂಬ ಹೆಸರು ಸಲ್ಲುತ್ತದೆ. ಪರಾಗಕಣದಲ್ಲಿ ಮೂರು ಗೀರು ಇರುವುದು ಅದರ ಮೂಲ ಗುರುತು; ಹೂಬಿಡುವ ಸಸ್ಯಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಅದರವೇ.

ಹಾಗಾದರೆ ಹಳೆಯ ಪಾಠ ಸುಳ್ಳೇ? ಸುಳ್ಳಲ್ಲ. ಅವರೆಗೂ ಭತ್ತಕ್ಕೂ ಇರುವ ಭೇದ ಇಂದಿಗೂ ಉಂಟು. ಆದರೆ ಎರಡು ಬೇಳೆ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ವಂಶವಲ್ಲ, ಅಷ್ಟೆ.

ಮಗಳನ್ನು ಕರೆದು ಹೇಳಿದೆವು: ‘ನಿನ್ನ ಪಟ್ಟಿ ತಪ್ಪು, ಮಗು, ಎಣಿಕೆ ಸರಿ. ಪರೀಕ್ಷೆಗೆ ಪಾಠದಲ್ಲಿದ್ದಂತೆ ಬರೆ. ಆದರೆ ಎಣಿಸುವುದನ್ನು ಬಿಡಬೇಡ.’

ಪಾಠ ಉರುಹೊಡೆದ ನಾವು ಮೂವತ್ತು ದಾಟುವವರೆಗೂ ಸೀತಾಫಲದ ಹೂವನ್ನು ಒಮ್ಮೆಯಾದರೂ ಬಿಡಿಸಿ ನೋಡಿರಲಿಲ್ಲ.