ಅಟ್ಟದಲ್ಲಿ ಹಿರಿಯರ ಕೋವಿ ಇದೆಯಾ?

ಊರ ಮನೆ ಮಾರುವಾಗ, ಹಳೇ ಟ್ರಂಕು-ಬೀರು ಖಾಲಿ ಮಾಡುವಾಗ ಏನೇನೋ ಕೈಗೆ ಸಿಗುತ್ತೆ. ಹಿತ್ತಾಳೆ ಚೊಂಬು, ಧಾರೆ ಸೀರೆ, ಹಳೇ ಪತ್ರಗಳು. ಅವುಗಳ ನಡುವೆ ಬಟ್ಟೆ ಸುತ್ತಿಟ್ಟ ಕೋವಿಯೋ, ಪಿಸ್ತೂಲೋ ಸಿಕ್ಕರೆ? "ಮಾವನವರ ನೆನಪು, ಇರಲಿ ಬಿಡಿ" ಅಂತ ಮತ್ತೆ ಗಂಟು ಕಟ್ಟಿಡಬೇಡಿ. ಲೈಸೆನ್ಸ್ ಕೊಡುವುದು ವ್ಯಕ್ತಿಯ ಹೆಸರಿಗೆ. ಅವರು ತೀರಿಕೊಂಡ ಮೇಲೆ ಅದೇ ಲೈಸೆನ್ಸ್ ಪುಸ್ತಕ ತೋರಿಸಿ ಮನೆಯವರು ಕೋವಿ ಇಟ್ಟುಕೊಳ್ಳುವಂತಿಲ್ಲ.

ನನ್ನದಲ್ಲ ಅಂದರೆ ಸಾಕಾ?

ಸಾಲದು. ಕೋವಿ ಕೈಯಲ್ಲೇ ಇರಬೇಕೆಂದಿಲ್ಲ. ಅದು ಇರುವುದು ಗೊತ್ತಿದ್ದು, ಅದರ ಮೇಲೆ ನಿಮ್ಮ ಹಿಡಿತವಿದ್ದರೂ ಅದು 'ಸ್ವಾಧೀನ'ವೇ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಅಂದರೆ ಗೊತ್ತಿಲ್ಲದೆ ಅಟ್ಟದಲ್ಲಿ ಬಿದ್ದಿದ್ದ ಮಾತು ಬೇರೆ, ಕಂಡ ಮೇಲೂ ಬೀಗ ಹಾಕಿಟ್ಟ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ನಂತರ, ಲೈಸೆನ್ಸ್ ಇಲ್ಲದ ಸಾಮಾನ್ಯ ಕೋವಿಗೆ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ. ನಿಷೇಧಿತ ಆಯುಧವಾದರೆ 7ರಿಂದ 14 ವರ್ಷ!

ಮೊದಲು ಮಾಡಬೇಕಾದ್ದು

ಕುದುರೆ ಎಳೆದು ನೋಡುವುದು, ಒರೆಸುವುದು ಬೇಡ. ಒಳಗೆ ತೋಟಾ ಇರಬಹುದು. ಮಕ್ಕಳನ್ನು ದೂರವಿಡಿ. ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ, ಹೇಗೆ ತಂದೊಪ್ಪಿಸಬೇಕು ಎಂದು ಅವರನ್ನೇ ಕೇಳಿ. ಲೈಸೆನ್ಸ್ ಅವಧಿ ಮುಗಿದಿರಲಿ, ಇನ್ಯಾವುದೇ ಕಾರಣವಿರಲಿ, ಇಟ್ಟುಕೊಳ್ಳುವ ಹಕ್ಕು ತಪ್ಪಿದ ಆಯುಧವನ್ನು ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಗೆ ಒಪ್ಪಿಸಬೇಕು ಎನ್ನುತ್ತದೆ ಕಾಯ್ದೆಯ 21ನೇ ಕಲಂ. ತೋಟಾಗಳನ್ನೂ ಸೇರಿಸಿಯೇ ಕೊಡಿ. ಕೋವಿಯ ನಂಬರ್ ಬರೆದ ರಸೀದಿ ಪಡೆಯದೆ ಮಾತ್ರ ವಾಪಸ್ ಬರಬೇಡಿ!

ಆಮೇಲೆ ಮೂರು ದಾರಿ

* ವಾರಸುದಾರರ ಹೆಸರಿಗೆ ಲೈಸೆನ್ಸ್: 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್, ಉಳಿದೆಡೆ ಜಿಲ್ಲಾಧಿಕಾರಿಗೆ ಅರ್ಜಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಿದ್ಧವಿರಲಿ. ಅರ್ಜಿದಾರರಿಗೆ 21 ತುಂಬಿರಬೇಕು, ಪೊಲೀಸ್ ವರದಿಯೂ ಬೇಕು. ಪಿತ್ರಾರ್ಜಿತವಾಗಿ ಬಂದದ್ದೂ ಸೇರಿ ಒಬ್ಬರಿಗೆ ಎರಡೇ ಆಯುಧ.

* ಮಾರಾಟ: ಠೇವಣಿಯಲ್ಲಿದ್ದಾಗಲೇ ಲೈಸೆನ್ಸ್ ಉಳ್ಳವರಿಗೆ ಮಾರಿ ಹಣ ಪಡೆಯುವ ಹಕ್ಕು ವಾರಸುದಾರರಿಗಿದೆ. ಬಾಯಿಮಾತಿನಲ್ಲಿ ಪರಿಚಯದವರಿಗೆ ಕೊಟ್ಟುಬಿಟ್ಟರೆ ಅದೇ ಇನ್ನೊಂದು ಅಪರಾಧ.

* ಸರ್ಕಾರಕ್ಕೆ ಬಿಟ್ಟುಕೊಡುವುದು: ಬೇಡವೇ ಬೇಡ ಅನ್ನುವವರಿಗೆ ಇದೇ ಸುಲಭ. ಏನೂ ಮಾಡದೆ ನಿಗದಿತ ಅವಧಿ ದಾಟಿಸಿದರೆ ಹೇಗೂ ನೋಟಿಸ್ ಕೊಟ್ಟು ಮುಟ್ಟುಗೋಲು ಹಾಕಿಕೊಳ್ಳುತ್ತಾರೆ.

ಲೈಸೆನ್ಸೇ ಇರಲಿಲ್ಲವಾದರೆ?

ಇದು ಸೂಕ್ಷ್ಮ. ತಾನಾಗಿ ಒಪ್ಪಿಸಿದ ಮಾತ್ರಕ್ಕೆ ಕ್ಷಮೆ ಖಚಿತ ಎಂದು ಕಾಯ್ದೆ ಹೇಳಿಲ್ಲ. ಹಾಗಂತ ಮುಚ್ಚಿಟ್ಟರೆ ಅಪಾಯ ದಿನೇ ದಿನೇ ಹೆಚ್ಚು. ಅಂದೇ ಕ್ರಿಮಿನಲ್ ವಕೀಲರನ್ನು ಕಂಡು, ಎಂದು, ಎಲ್ಲಿ, ಹೇಗೆ ಸಿಕ್ಕಿತು ಎಂದು ಬರೆದು, ಅವರ ಜೊತೆಯಲ್ಲೇ ಠಾಣೆಗೆ ಹೋಗಿ. ಕೆರೆಗೆ ಎಸೆಯುವ, ತೋಟದಲ್ಲಿ ಹೂಳುವ ಯೋಚನೆ ಖಂಡಿತ ಬೇಡ. ಸೇನೆ, ಪೊಲೀಸರು ಬಳಸುವಂಥ ನಿಷೇಧಿತ, ನಿರ್ಬಂಧಿತ ವರ್ಗದ ಆಯುಧವಾದರೆ ಅನುಮತಿ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ; ಜಿಲ್ಲಾಧಿಕಾರಿ ಕೊಡಲು ಬರುವುದಿಲ್ಲ.

ಗೋಡೆಯ ಅಲಂಕಾರಕ್ಕೆ?

ದುರಸ್ತಿ ಮಾಡಿದರೂ ಗುಂಡು ಹಾರದಂಥ ಪುರಾತನ ಕೋವಿಗೆ ಮಾತ್ರ ಕಾಯ್ದೆಯಿಂದ ವಿನಾಯಿತಿ. ತುಕ್ಕು ಹಿಡಿದಿದೆ ಅಂದ ಮಾತ್ರಕ್ಕೆ ವಿನಾಯಿತಿ ಸಿಗದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಕೋವಿಗಳಿಗೆ ಲೈಸೆನ್ಸ್ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಆ ಕುಟುಂಬದವರೂ ಕಾಗದಪತ್ರ ಸರಿಯಿದೆಯೇ ಎಂದು ಕೊಡಗು ಜಿಲ್ಲಾಡಳಿತದಲ್ಲಿ ವಿಚಾರಿಸಿಕೊಳ್ಳಿ.

ಹಿರಿಯರು ಇರುವಾಗಲೇ ಈ ಮಾತು ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು. 70 ವರ್ಷ ತುಂಬಿದವರು, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು ತಮ್ಮ ವಾರಸುದಾರರೊಬ್ಬರನ್ನು ಸೂಚಿಸಿ ಅವರ ಹೆಸರಿಗೆ ಲೈಸೆನ್ಸ್ ಕೇಳಬಹುದು. "ಮಾವ, ಆ ಕೋವಿ ಕಾಗದ ಎಲ್ಲಿಟ್ಟಿದ್ದೀರಿ?" ಅಂತ ಈ ಭಾನುವಾರ ಕೇಳಿಬಿಡಿ. ಸಂಕೋಚ ಯಾಕ್ರೀ?